ಕಾಗದವೋ ಯಂತ್ರವೋ ಆಮೇಲೆ ನೋಡೋಣ, ಮೊದಲು ಮಾರಿಕುಪ್ಪಂ ಜನ ಮತಗಟ್ಟೆ ತಲುಪಲಿ

ಮುಂದಿನ ಸ್ಥಳೀಯ ಸಂಸ್ಥೆಗಳ ಚುನಾವಣೆಗೆ ಇವಿಎಂ ಬೇಡ, ಬ್ಯಾಲೆಟ್ ಪೇಪರ್ ಇರಲಿ ಎಂದು ರಾಜ್ಯ ಸಚಿವ ಸಂಪುಟ 2025ರ ಸೆಪ್ಟೆಂಬರ್‌ನಲ್ಲಿ ತೀರ್ಮಾನಿಸಿತು. ರಾಜ್ಯ ಚುನಾವಣಾ ಆಯೋಗಕ್ಕೆ ಹಾಗೆಂದು ಶಿಫಾರಸನ್ನೂ ಮಾಡಿತು. ಅಂದಿನಿಂದ ಟೀವಿಯಲ್ಲಿ, ಟೀ ಅಂಗಡಿಯಲ್ಲಿ, ವಾಟ್ಸಾಪ್ ಗುಂಪುಗಳಲ್ಲಿ ಒಂದೇ ಜಗಳ: ಕಾಗದ ಒಳ್ಳೆಯದೋ, ಯಂತ್ರ ಒಳ್ಳೆಯದೋ?

ಆ ಪ್ರಶ್ನೆ ಕೆಲಸಕ್ಕೆ ಬಾರದ್ದು ಎಂದು ನಾವು ಹೇಳುವುದಿಲ್ಲ. ಆದರೆ ಮಾರಿಕುಪ್ಪಂ, ಬಂಗಾರಪೇಟೆ ಕಡೆಯ ದುಡಿಯುವ ಜನರಿಗೆ ಅದು ಎರಡನೇ ಪ್ರಶ್ನೆ. ಮೊದಲನೆಯ ಪ್ರಶ್ನೆ ಇದಕ್ಕಿಂತ ಸರಳ: ಮತಗಟ್ಟೆಯ ಬಾಗಿಲು ತಲುಪುವುದು ಹೇಗೆ? ಇಲ್ಲಿನ ಎಷ್ಟೋ ಓಟುಗಳು ಪೆಟ್ಟಿಗೆಯಲ್ಲೂ ಕಳೆದುಹೋಗುವುದಿಲ್ಲ, ಯಂತ್ರದಲ್ಲೂ ಕಳೆದುಹೋಗುವುದಿಲ್ಲ. ಬೂತಿನವರೆಗಿನ ದಾರಿಯಲ್ಲೇ ಕಳೆದುಹೋಗುತ್ತವೆ. ಈ ಬರಹ ಆ ದಾರಿಯ ಬಗ್ಗೆ.

ಪೆಟ್ಟಿಗೆ, ಮುದ್ರೆ, ಬಟನ್

ಮೊದಲು ಸ್ವಲ್ಪ ಹಿಂದೆ ಹೋಗೋಣ. 1951-52ರ ಮೊದಲ ಮಹಾಚುನಾವಣೆಯಲ್ಲಿ ಮತಪತ್ರದ ಮೇಲೆ ಯಾವ ಗುರುತೂ ಹಾಕಬೇಕಿರಲಿಲ್ಲ. ಒಬ್ಬೊಬ್ಬ ಅಭ್ಯರ್ಥಿಗೂ ಒಂದೊಂದು ಪೆಟ್ಟಿಗೆ, ಅದರ ಮೇಲೆ ಅವರ ಚಿಹ್ನೆ. ಕೈಗೆ ಕೊಟ್ಟ ಚೀಟಿಯನ್ನು ನಮಗೆ ಬೇಕಾದವರ ಪೆಟ್ಟಿಗೆಗೆ ಹಾಕಿ ಬಂದರೆ ಓಟು ಮುಗಿಯಿತು. ಓದು ಬರಹ ಬಾರದ ಕೋಟ್ಯಂತರ ಜನರಿಗಾಗಿ ಮೊದಲ ಮುಖ್ಯ ಚುನಾವಣಾ ಆಯುಕ್ತ ಸುಕುಮಾರ್ ಸೇನ್ ಅವರ ಕಾಲದಲ್ಲಿ ಕಂಡುಕೊಂಡ ಉಪಾಯ ಅದು. ಆಮೇಲೆ ಎಲ್ಲರ ಹೆಸರು, ಚಿಹ್ನೆ ಇರುವ ಒಂದೇ ಮತಪತ್ರ ಬಂತು, ಅದರ ಮೇಲೆ ಮುದ್ರೆ ಒತ್ತುವ ಪದ್ಧತಿ ಬಂತು. ಬೆರಳಿಗೆ ಹಚ್ಚುವ ಅಳಿಸಲಾಗದ ಶಾಯಿ 1962ರಿಂದ ನಮ್ಮ ಮೈಸೂರಿನ ಕಾರ್ಖಾನೆಯಿಂದಲೇ ದೇಶಕ್ಕೆಲ್ಲ ಹೋಗುತ್ತಿದೆ.

ಯಂತ್ರದ ಕಥೆ ಶುರುವಾದದ್ದು ಕೇರಳದಲ್ಲಿ. 1982ರಲ್ಲಿ ಪರೂರು ಕ್ಷೇತ್ರದ 50 ಮತಗಟ್ಟೆಗಳಲ್ಲಿ ಇವಿಎಂ ಬಳಸಿದರು. ಕಾನೂನಿನಲ್ಲಿ ಯಂತ್ರಕ್ಕೆ ಜಾಗವೇ ಇಲ್ಲವೆಂದು 1984ರಲ್ಲಿ ಸುಪ್ರೀಂ ಕೋರ್ಟ್ ಆ ಚುನಾವಣೆಯನ್ನು ಒಪ್ಪಲಿಲ್ಲ, ಅಲ್ಲಿ ಮತ್ತೆ ಕಾಗದದಲ್ಲಿ ಓಟು ನಡೆಯಿತು. ಆಮೇಲೆ ಕಾನೂನು ತಿದ್ದಿದರು. 2004ರ ಲೋಕಸಭೆ ಚುನಾವಣೆಯ ಹೊತ್ತಿಗೆ ದೇಶದ ಎಲ್ಲ ಕ್ಷೇತ್ರಗಳಿಗೂ ಯಂತ್ರ ಬಂತು. ನಮ್ಮ ಕಡೆ ಕೆಲವರು ಇವಿಎಂ ಅಂದರೆ ಕೆಜಿಎಫ್‌ನ ಬೆಮೆಲ್‌ನಲ್ಲಿ ಆಗುವುದು ಅಂದುಕೊಂಡಿದ್ದಾರೆ. ಅಲ್ಲ. ಅದನ್ನು ಮಾಡುವುದು ಬಿಇಎಲ್ ಮತ್ತು ಹೈದರಾಬಾದಿನ ಇಸಿಐಎಲ್. ಎರಡೂ ಕೇಂದ್ರ ಸರ್ಕಾರದ ಕಂಪನಿಗಳು.

ಅಂದರೆ ನಮ್ಮ ಹಿರಿಯರ ಒಂದೇ ಬದುಕಿನಲ್ಲಿ ಪೆಟ್ಟಿಗೆ, ಮುದ್ರೆ, ಬಟನ್ ಮೂರೂ ಬಂದು ಹೋದವು. ತಮಿಳು, ತೆಲುಗು, ಕನ್ನಡ, ಉರ್ದು ಎಲ್ಲ ಆಡುವ ಗಣಿಯ ಊರಿನವರು ಚಿಹ್ನೆ ನೋಡಿ ಮೂರನ್ನೂ ಕಲಿತರು. ಕಮ್ಯುನಿಸ್ಟರನ್ನು, ರಿಪಬ್ಲಿಕನ್ ಪಕ್ಷದವರನ್ನು, ಅಣ್ಣಾ ಡಿಎಂಕೆಯವರನ್ನು, ಬಿಜೆಪಿ, ಕಾಂಗ್ರೆಸ್ಸಿನವರನ್ನು ಬೇರೆ ಬೇರೆ ಕಾಲದಲ್ಲಿ ಗೆಲ್ಲಿಸಿ ಕಳಿಸಿದ ಕ್ಷೇತ್ರ ಇದು. ಜನಕ್ಕೆ ಓಟು ಹಾಕಲು ಬರುವುದಿಲ್ಲ ಎಂದು ಇಲ್ಲಿ ಯಾರೂ ಹೇಳುವಂತಿಲ್ಲ.

ಎರಡರಲ್ಲೂ ಹುಳುಕಿದೆ

ಹಳ್ಳಿಯವರಿಗೆ ಕಾಗದ ಹೊಸದೇನಲ್ಲ. 2020ರ ಡಿಸೆಂಬರ್‌ನ ಗ್ರಾಮ ಪಂಚಾಯ್ತಿ ಚುನಾವಣೆಯಲ್ಲಿ ಬೀದರ್ ಜಿಲ್ಲೆ ಬಿಟ್ಟು ರಾಜ್ಯದ ಉಳಿದೆಲ್ಲ ಕಡೆ ಮತಪತ್ರದಲ್ಲೇ ಓಟು ನಡೆಯಿತು. ಕಾಗದದ ಗುಣ ಏನೆಂದರೆ, ನಾವು ಏನು ಮಾಡಿದೆವೋ ಅದು ಕಣ್ಣಿಗೆ ಕಾಣುತ್ತದೆ. ಎಣಿಸುವಾಗ ಏಜೆಂಟರು ಎದುರಿಗೆ ಕೂತು ನೋಡಬಹುದು, ಅನುಮಾನ ಬಂದರೆ ಮತ್ತೆ ಎಣಿಸಿ ಎನ್ನಬಹುದು. ಹುಳುಕೂ ಇದೆ. ಮುದ್ರೆ ಎರಡು ಗೆರೆಗಳ ನಡುವೆ ಬಿತ್ತು, ಒಂದರ ಬದಲು ಎರಡು ಕಡೆ ಒತ್ತಿದರು, ಅವಸರದಲ್ಲಿ ಹೆಬ್ಬೆಟ್ಟು ಹಾಕಿಬಿಟ್ಟರು ಅಂದರೆ ಓಟು ಕುಲಗೆಡುತ್ತದೆ. ಕೂಲಿ ಬಿಟ್ಟು ಬಂದು ಹಾಕಿದ ಓಟು ತಿರಸ್ಕೃತ ಕಂತೆಗೆ ಸೇರಿದ್ದು ಹಾಕಿದವರಿಗೆ ಗೊತ್ತೂ ಆಗುವುದಿಲ್ಲ. ಬೂತಿಗೆ ನುಗ್ಗಿ ಕಟ್ಟುಗಟ್ಟಲೆ ಮುದ್ರೆ ಒತ್ತಿ ತುಂಬಿಸುವ ದಂಧೆ ದೇಶದ ಹಲವು ಕಡೆ ನಡೆದದ್ದೂ ಕಾಗದದ ಕಾಲದಲ್ಲೇ.

ಯಂತ್ರದಲ್ಲಿ ಓಟು ಕುಲಗೆಡುವುದಿಲ್ಲ, ನಿಮಿಷಕ್ಕೆ ನಾಲ್ಕಕ್ಕಿಂತ ಹೆಚ್ಚು ಓಟು ಬೀಳುವುದಿಲ್ಲ. ಕಣ್ಣು ಕಾಣದವರು ಮುಟ್ಟಿ ತಿಳಿಯಲು ಬ್ರೈಲ್ ಗುರುತಿದೆ. 2013ರ ಸುಪ್ರೀಂ ಕೋರ್ಟ್ ತೀರ್ಪಿನಿಂದ ನೋಟಾ ಬಟನ್ ಕೂಡ ಬಂತು. ಆದರೆ ಬಟನ್ ಒತ್ತಿದ ಮೇಲೆ ಒಳಗೆ ಏನಾಯಿತು ಎಂಬುದು ಕಾಣುವುದಿಲ್ಲ. ಅದಕ್ಕೇ ವಿವಿಪ್ಯಾಟ್ ಇಟ್ಟರು. ಒತ್ತಿದ ಚಿಹ್ನೆಯ ಚೀಟಿ ಗಾಜಿನ ಹಿಂದೆ ಏಳು ಸೆಕೆಂಡ್ ಕಾಣಿಸಿ ಪೆಟ್ಟಿಗೆಗೆ ಬೀಳುತ್ತದೆ. ಒಂದೊಂದು ವಿಧಾನಸಭಾ ಕ್ಷೇತ್ರದಲ್ಲಿ ಚೀಟಿ ಎತ್ತಿ ಆರಿಸಿದ ಐದು ಮತಗಟ್ಟೆಗಳ ಸ್ಲಿಪ್ಪುಗಳನ್ನು ಯಂತ್ರದ ಲೆಕ್ಕದೊಂದಿಗೆ ತಾಳೆ ನೋಡಬೇಕೆಂದು 2019ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು.

2024ರ ಏಪ್ರಿಲ್ 26ನ್ನು ನೆನಪಿಸಿಕೊಳ್ಳಿ. ಕೋಲಾರ ಲೋಕಸಭಾ ಕ್ಷೇತ್ರದ ನಾವೆಲ್ಲ ಬಿಸಿಲಲ್ಲಿ ಸಾಲು ನಿಂತು ಬಟನ್ ಒತ್ತಿದ ದಿನ. ಅದೇ ದಿನ ದೆಹಲಿಯಲ್ಲಿ ಸುಪ್ರೀಂ ಕೋರ್ಟ್, ಕಾಗದಕ್ಕೆ ಮರಳುವ ಬೇಡಿಕೆಯನ್ನೂ ಎಲ್ಲ ವಿವಿಪ್ಯಾಟ್ ಸ್ಲಿಪ್ ಎಣಿಸುವ ಬೇಡಿಕೆಯನ್ನೂ ತಳ್ಳಿಹಾಕಿತು. ಆದರೆ ಎರಡನೇ, ಮೂರನೇ ಸ್ಥಾನ ಪಡೆದ ಅಭ್ಯರ್ಥಿಗಳು ಕೇಳಿದರೆ, ಖರ್ಚು ಕಟ್ಟಿದರೆ, ಶೇ 5ರಷ್ಟು ಯಂತ್ರಗಳ ಮೆಮೊರಿಯನ್ನು ಎಂಜಿನಿಯರುಗಳಿಂದ ಪರೀಕ್ಷೆ ಮಾಡಿಸಬಹುದು ಎಂದಿತು.

ನಮ್ಮ ಜಿಲ್ಲೆಯ ಮಾಲೂರಿನ ಕಥೆ ಇನ್ನೂ ಹತ್ತಿರದ್ದು. 2023ರ ವಿಧಾನಸಭೆ ಚುನಾವಣೆಯಲ್ಲಿ ಅಲ್ಲಿ ಗೆಲುವಿನ ಅಂತರ ಬರೀ 248 ಓಟು. ಸೋತವರು ಹೈಕೋರ್ಟಿಗೆ ಹೋದರು. 2025ರ ಸೆಪ್ಟೆಂಬರ್‌ನಲ್ಲಿ ಹೈಕೋರ್ಟ್ ಆ ಆಯ್ಕೆಯನ್ನು ರದ್ದು ಮಾಡಿ ಮರುಎಣಿಕೆಗೆ ಆದೇಶಿಸಿತು. ಸುಪ್ರೀಂ ಕೋರ್ಟ್ ಶಾಸಕ ಸ್ಥಾನ ಹೋಗದಂತೆ ತಡೆ ಕೊಟ್ಟು, ಮರುಎಣಿಕೆಗೆ ಮಾತ್ರ ಒಪ್ಪಿತು. ಇಲ್ಲಿ ಗಮನಿಸಬೇಕಾದ್ದು ಒಂದಿದೆ. ಹೈಕೋರ್ಟಿನಲ್ಲಿ ದೊಡ್ಡ ಪ್ರಶ್ನೆಯಾದದ್ದು ಯಂತ್ರ ಅಲ್ಲ. ಎಣಿಕೆ ಕೋಣೆಯ ವಿಡಿಯೋ ಎಲ್ಲಿ ಎಂಬುದು. ಕಾಗದವಾದರೂ ಯಂತ್ರವಾದರೂ ಎಣಿಸುವ ಮನುಷ್ಯರು, ಇಡಬೇಕಾದ ದಾಖಲೆ ಸರಿಯಿಲ್ಲದಿದ್ದರೆ ಅನುಮಾನ ತಪ್ಪದು.

ಇನ್ನು ಪಕ್ಷಗಳ ವಿಷಯ. ಗೆದ್ದಾಗ ಜನಾದೇಶ, ಸೋತಾಗ ಯಂತ್ರದ ದೋಷ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಒಂದಲ್ಲ ಒಂದು ಕಾಲದಲ್ಲಿ ಎಲ್ಲ ಪಕ್ಷಗಳೂ ಆಡಿದ ಮಾತಿದು.

ಬೆಳಗಿನ ರೈಲಿನ ಓಟು

ಈಗ ದಾರಿಗೆ ಬರೋಣ. 2001ರ ಫೆಬ್ರವರಿ ಕೊನೆಗೆ ಭಾರತ್ ಗೋಲ್ಡ್ ಮೈನ್ಸ್ ಬಾಗಿಲು ಹಾಕಿತು. ಮನೆಯ ಪಕ್ಕದ ಶಾಫ್ಟಿಗೆ ಹೋಗುತ್ತಿದ್ದವರ ಮಕ್ಕಳು ಬೆಂಗಳೂರಿನ ರೈಲು ಹತ್ತಿದರು. ಮಾರಿಕುಪ್ಪಂ ಆ ರೈಲಿನ ಮೊದಲ ನಿಲ್ದಾಣ. ಚಾಂಪಿಯನ್, ಊರಗಾಂ, ಕೋರಮಂಡಲ, ಬಂಗಾರಪೇಟೆ ದಾಟಿ ಹೋಗುವಷ್ಟರಲ್ಲಿ ನಿಲ್ಲಲೂ ಜಾಗ ಇರುವುದಿಲ್ಲ. ಗಾರೆ ಕೆಲಸ, ಹೌಸ್‌ಕೀಪಿಂಗ್, ಸೆಕ್ಯೂರಿಟಿ, ಗಾರ್ಮೆಂಟ್ಸ್, ಅಂಗಡಿ, ಆಫೀಸು, ಎಲ್ಲದಕ್ಕೂ ಇಲ್ಲಿಂದ ಜನ ಹೋಗುತ್ತಾರೆ. ಕತ್ತಲಲ್ಲಿ ಹೊರಟು ಕತ್ತಲಲ್ಲಿ ಬರುವ ಬದುಕು.

ಲೋಕಸಭೆ, ವಿಧಾನಸಭೆ ಮತದಾನ ಶುರುವಾಗುವುದು ಬೆಳಿಗ್ಗೆ 7ಕ್ಕೆ, ಮುಗಿಯುವುದು ಸಂಜೆ 6ಕ್ಕೆ. ಅಂದರೆ ಕೆಲಸಕ್ಕೆ ಹೋದರೆ ಓಟಿಲ್ಲ, ಓಟು ಹಾಕಿದರೆ ಅಂದಿನ ಕೂಲಿ ಇಲ್ಲ.

ಕಾನೂನು ಏನು ಹೇಳುತ್ತದೆ? ಜನಪ್ರತಿನಿಧಿ ಕಾಯ್ದೆಯ 135ಬಿ ಕಲಂ ಪ್ರಕಾರ ಲೋಕಸಭೆ, ವಿಧಾನಸಭೆ ಚುನಾವಣೆಯ ದಿನ ಓಟಿನ ಹಕ್ಕಿರುವ ನೌಕರರಿಗೆ ಸಂಬಳ ಸಹಿತ ರಜೆ ಕೊಡಬೇಕು. ದಿನಗೂಲಿಯವರಿಗೂ ಇದು ಅನ್ವಯಿಸುತ್ತದೆ. ಕೆಲಸ ಮಾಡುವುದು ಬೆಂಗಳೂರಿನಲ್ಲಿ, ಓಟು ಇರುವುದು ಕೆಜಿಎಫ್‌ನಲ್ಲಿ ಎಂದಾದರೂ ರಜೆ ಸಿಗಬೇಕು ಎಂದು ಚುನಾವಣಾ ಆಯೋಗವೇ ಹೇಳಿದೆ. ಸಂಬಳ ಹಿಡಿದರೆ ಮಾಲೀಕರಿಗೆ ದಂಡ ಎಷ್ಟು ಗೊತ್ತೇ? ಹೆಚ್ಚೆಂದರೆ 500 ರೂಪಾಯಿ. ಗುತ್ತಿಗೆದಾರನೊಬ್ಬ ಇಷ್ಟು ದಂಡಕ್ಕೆ ಹೆದರುತ್ತಾನೆ ಎಂದು ನಂಬುವುದು ಕಷ್ಟ.

ಪಂಚಾಯ್ತಿ ಚುನಾವಣೆಯಲ್ಲಿ ಪರಿಸ್ಥಿತಿ ಇನ್ನೂ ಬಿಗಿ. 135ಬಿ ಕಲಂ ಲೋಕಸಭೆ, ವಿಧಾನಸಭೆಗೆ ಮಾತ್ರ. ಬಂಗಾರಪೇಟೆ ಪಕ್ಕದ ಹಳ್ಳಿಯಲ್ಲಿ ಪಂಚಾಯ್ತಿ ಓಟಿದ್ದರೆ ಬೆಂಗಳೂರಿನಲ್ಲಿ ಅದು ಮಾಮೂಲಿ ದಿನ. ಅಲ್ಲಿನ ಮೇಸ್ತ್ರಿಗೆ ನಿಮ್ಮೂರಿನ ಚುನಾವಣೆ ಇದೆ ಎಂಬುದೂ ತಿಳಿದಿರುವುದಿಲ್ಲ. ನೀರಿನ ಟ್ಯಾಂಕು, ಚರಂಡಿ, ಬೀದಿ ದೀಪ ಎಲ್ಲ ತೀರ್ಮಾನವಾಗುವುದು ಆ ಓಟಿನಲ್ಲೇ. ಹಾಗಿದ್ದೂ ರಜೆಯ ರಕ್ಷಣೆ ಕಡಿಮೆ ಇರುವುದು ಆ ಓಟಿಗೇ. ಸರ್ಕಾರ ಮತಪತ್ರ ತರುವ ಉತ್ಸಾಹದಲ್ಲಿ ಇದನ್ನೂ ನೋಡಬೇಕಿತ್ತು.

ಒಂದು ಓಟಿನಿಂದ ಏನಾಗುತ್ತದೆ ಎನ್ನುವವರಿಗೆ ನಮ್ಮ ರಾಜ್ಯದಲ್ಲೇ ಉತ್ತರವಿದೆ. 2004ರಲ್ಲಿ ಚಾಮರಾಜನಗರ ಜಿಲ್ಲೆಯ ಸಂತೇಮರಹಳ್ಳಿಯಲ್ಲಿ ಧ್ರುವನಾರಾಯಣ ಅವರಿಗೆ 40,752, ಕೃಷ್ಣಮೂರ್ತಿ ಅವರಿಗೆ 40,751. ಸೋತವರ ಕಾರಿನ ಚಾಲಕನಿಗೇ ಅಂದು ಓಟು ಹಾಕಲು ಬಿಡುವು ಸಿಗಲಿಲ್ಲ ಎಂಬ ಮಾತು ಇಂದಿಗೂ ಓಡಾಡುತ್ತಿದೆ. ಆ ಮಾತು ಎಷ್ಟರ ಮಟ್ಟಿಗೆ ನಿಜವೋ, ದುಡಿಯುವವರಿಗೆ ಬಿಡುವು ಸಿಗದಿರುವುದು ಮಾತ್ರ ನಿಜ.

ಊರಿಂದ ದೂರ ಇರುವವರು ಇದ್ದಲ್ಲಿಂದಲೇ ತಮ್ಮ ಕ್ಷೇತ್ರಕ್ಕೆ ಓಟು ಹಾಕುವ ಯಂತ್ರವೊಂದನ್ನು ಚುನಾವಣಾ ಆಯೋಗ 2022ರ ಕೊನೆಗೆ ಮುಂದಿಟ್ಟಿತ್ತು. ಒಂದೇ ಬೂತಿನಿಂದ 72 ಕ್ಷೇತ್ರಗಳವರೆಗೆ ಓಟು ತೆಗೆದುಕೊಳ್ಳಬಲ್ಲ ಯಂತ್ರ ಅದು. ಪಕ್ಷಗಳು ಅನುಮಾನಪಟ್ಟವು, ಅದು ಚುನಾವಣೆಗೆ ಬರಲೇ ಇಲ್ಲ. ಅನುಮಾನ ಪರಿಹಾರವಾಗದೆ ಅಂಥ ಯಂತ್ರ ತರಬೇಕು ಎಂದು ನಾವೂ ಹೇಳುವುದಿಲ್ಲ. ಆದರೆ ಅದು ಬೇಡವಾದರೆ ಬದಲಿಗೆ ಏನು? ಕನಿಷ್ಠ ಮತದಾನದ ದಿನ ಬೆಂಗಳೂರಿನಿಂದ ಮಧ್ಯಾಹ್ನ ಹೊರಟು ಸಂಜೆ 6ಕ್ಕೆ ಮುಂಚೆ ಮಾರಿಕುಪ್ಪಂ ಮುಟ್ಟುವ ವಿಶೇಷ ರೈಲು ಓಡಿಸಲಿ. ಅದಕ್ಕೆ ಹೊಸ ಕಾನೂನೂ ಬೇಡ, ಹೊಸ ಯಂತ್ರವೂ ಬೇಡ.

ಉಸಿರಿಗೆ ಅರ್ಜಿ ಇಲ್ಲ

ಇನ್ನೊಂದು ಓಟು ಮನೆಯೊಳಗೆ ಸಿಕ್ಕಿಕೊಂಡಿದೆ. 2023ರ ವಿಧಾನಸಭೆ ಚುನಾವಣೆಯಲ್ಲಿ ನಮ್ಮ ರಾಜ್ಯಕ್ಕೆ ಮೊದಲ ಬಾರಿಗೆ ಮನೆಯಿಂದಲೇ ಮತದಾನ ಬಂತು. ಆಗ 80 ದಾಟಿದವರಿಗೆ ಆ ಅವಕಾಶ ಇತ್ತು. 2024ರ ಮಾರ್ಚ್‌ನಲ್ಲಿ ನಿಯಮ ತಿದ್ದಿ ಅದನ್ನು 85ಕ್ಕೆ ಏರಿಸಿದರು. ಜೊತೆಗೆ ಶೇ 40ರಷ್ಟು ಅಂಗವೈಕಲ್ಯದ ಪ್ರಮಾಣಪತ್ರ ಇರುವವರಿಗೂ ಅವಕಾಶವಿದೆ. ಅಧಿಸೂಚನೆ ಹೊರಟ ಐದು ದಿನದೊಳಗೆ 12ಡಿ ಅರ್ಜಿ ಕೊಡಬೇಕು. ಆಮೇಲೆ ಸಿಬ್ಬಂದಿ ಮನೆಗೆ ಬಂದು, ವಿಡಿಯೋ ಮಾಡಿಕೊಂಡು, ಅಂಚೆ ಮತಪತ್ರದಲ್ಲಿ ಓಟು ಪಡೆಯುತ್ತಾರೆ. ಯಾರಿಗೆ ಹಾಕಿದ್ದು ಎಂಬುದನ್ನು ಅವರೂ ನೋಡುವಂತಿಲ್ಲ, ಮನೆಯವರೂ ನೋಡುವಂತಿಲ್ಲ. ಒಳ್ಳೆಯ ವ್ಯವಸ್ಥೆ. ಹಾಸಿಗೆ ಹಿಡಿದ ಎಷ್ಟೋ ಹಿರಿಯರಿಗೆ ಇದರಿಂದ ಓಟು ಸಿಕ್ಕಿದೆ.

ಆದರೆ ಈ ನಿಯಮವನ್ನು ಗಣಿ ಲೈನುಗಳಿಗೆ ತಂದು ನೋಡಿ. ಗಣಿ ಮುಚ್ಚಿದಾಗ 45 ವರ್ಷವಿದ್ದ ಕಾರ್ಮಿಕರಿಗೆ ಈಗ 70ರ ಆಸುಪಾಸು. ವರ್ಷಗಟ್ಟಲೆ ನೆಲದಡಿಯಲ್ಲಿ ಕಲ್ಲು ಕೊರೆದ ಧೂಳು ಶ್ವಾಸಕೋಶದಲ್ಲಿ ಕೂತು ಬರುವ ಸಿಲಿಕೋಸಿಸ್ ಈ ಊರಿನ ಹಳೆಯ ಶತ್ರು. ಹತ್ತು ಹೆಜ್ಜೆ ನಡೆದರೆ ನಿಂತು ಉಸಿರು ಎಳೆದುಕೊಳ್ಳಬೇಕು. ಅಂಥವರಿಗೆ ಮನೆಯಿಂದ ಓಟು ಸಿಗುತ್ತದೆಯೇ? ವಯಸ್ಸು 85 ಆಗಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಪಟ್ಟಿ ಮಾಡಿದ 21 ಬಗೆಯ ಅಂಗವೈಕಲ್ಯಗಳಲ್ಲಿ ಉಸಿರಿನ ಕಾಯಿಲೆ ಇಲ್ಲ. ಕಾಲು ಸರಿ ಇದೆ, ಕಣ್ಣು ಸರಿ ಇದೆ, ಆದ್ದರಿಂದ ಬೂತಿಗೆ ನಡೆದು ಬರಬಹುದು ಎಂಬುದು ಕಾಗದದ ಲೆಕ್ಕ.

ದೇಶಕ್ಕೆ ಚಿನ್ನ ತೆಗೆದುಕೊಟ್ಟು ಉಸಿರು ಕಳೆದುಕೊಂಡವರು ತಮ್ಮ ಓಟಿಗಾಗಿ ಮತ್ತೆ ಉಸಿರು ಬಿಗಿಹಿಡಿದು ನಡೆಯಬೇಕೇ? ವೈದ್ಯರು ಬರೆದುಕೊಟ್ಟ ತೀವ್ರ ಉಸಿರಾಟದ ತೊಂದರೆಯನ್ನೂ 12ಡಿ ಅರ್ಜಿಗೆ ಒಪ್ಪಬೇಕು. ಈ ಬರಹದಲ್ಲಿ ನಾವು ಇಡುವ ಮುಖ್ಯ ಬೇಡಿಕೆ ಇದೇ. ನಿಯಮ ತಿದ್ದುವವರೆಗೆ ಲೈನುಗಳಿಂದ ಬೂತಿಗೆ ವಾಹನ, ಗಾಲಿಕುರ್ಚಿ, ಸಾಲಿನಲ್ಲಿ ನಿಲ್ಲಿಸದೆ ಒಳಗೆ ಬಿಡುವ ವ್ಯವಸ್ಥೆ ಆಗಲಿ. ಜಿಲ್ಲಾಡಳಿತ ಮನಸ್ಸು ಮಾಡಿದರೆ ಇಷ್ಟನ್ನು ಮುಂದಿನ ಚುನಾವಣೆಗೇ ಮಾಡಬಹುದು.

ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ

ರೈಲು ಬಿಟ್ಟು, ಉಸಿರು ಹಿಡಿದು ಬೂತಿಗೆ ಬಂದರೂ ಪಟ್ಟಿಯಲ್ಲಿ ಹೆಸರು ಇಲ್ಲದಿದ್ದರೆ ಎಲ್ಲ ವ್ಯರ್ಥ. ಇದೂ ಹಳೆಯ ಕಾಯಿಲೆಯೇ. ಮೊದಲ ಮಹಾಚುನಾವಣೆಯಲ್ಲೇ ದೇಶದ ಸುಮಾರು 28 ಲಕ್ಷ ಹೆಂಗಸರ ಹೆಸರು ಪಟ್ಟಿಯಿಂದ ಹೋಯಿತು. ಅವರು ಸ್ವಂತ ಹೆಸರು ಹೇಳದೆ ಇಂಥವರ ಹೆಂಡತಿ, ಇಂಥವರ ಮಗಳು ಎಂದು ಬರೆಸಿದ್ದೇ ಕಾರಣ.

ಇಂದು ಕಾರಣ ಬೇರೆ. ಬಾಡಿಗೆ ಮನೆ ಬದಲಾಯಿತು, ಮದುವೆಯಾಗಿ ಊರು ಬದಲಾಯಿತು, ಮನೆಗೆ ಬಂದಾಗ ಬೀಗ ಇತ್ತು ಎಂದು ಬಿಎಲ್‌ಒ ಬರೆದುಕೊಂಡರು. ಕೆಲಸಕ್ಕಾಗಿ ಸ್ವಲ್ಪ ಕಾಲ ಊರಲ್ಲಿಲ್ಲ ಎಂಬ ಒಂದೇ ಕಾರಣಕ್ಕೆ ಯಾರೂ ಆ ಊರಿನ ನಿವಾಸಿ ಅಲ್ಲವೆಂದಾಗುವುದಿಲ್ಲ ಎಂದು ಕಾನೂನು ಹೇಳುತ್ತದೆ. ಬೆಳಿಗ್ಗೆ ಹೋಗಿ ರಾತ್ರಿ ಬರುವವರ ಮನೆಗೆ ಹಗಲು ಬೀಗ ಇರದೆ ಇನ್ನೇನು ಇರುತ್ತದೆ? ಮಾರಿಕುಪ್ಪಂನಂಥ ಕಡೆ ಪಟ್ಟಿ ಪರಿಶೀಲನೆಗೆ ಭಾನುವಾರವೋ ರಾತ್ರಿಯೋ ಬರಬೇಕು.

ನಮ್ಮ ಬೂತಿನ ಗುಟ್ಟು

ಒಂದು ವಿಷಯದಲ್ಲಿ ಮಾತ್ರ ಕಾಗದ, ಯಂತ್ರದ ವ್ಯತ್ಯಾಸ ನಮಗೆ ನೇರವಾಗಿ ತಟ್ಟುತ್ತದೆ. ಹಿಂದೆ ಹಲವು ಚುನಾವಣೆಗಳಲ್ಲಿ ಬೇರೆ ಬೇರೆ ಬೂತಿನ ಮತಪತ್ರಗಳನ್ನು ಬೆರೆಸಿ ಎಣಿಸುತ್ತಿದ್ದರು. ಈಗ ಯಂತ್ರದ ಲೆಕ್ಕ ಬೂತು ಬೂತಿಗೂ ಬೇರೆ ಬೇರೆ ಹೊರಬೀಳುತ್ತದೆ. ಯಾವ ಲೈನು, ಯಾವ ಕಾಲೋನಿ, ಯಾವ ಹಳ್ಳಿ ಯಾರಿಗೆ ಹಾಕಿತು ಎಂಬುದು ಗೆದ್ದವರಿಗೂ ಸೋತವರಿಗೂ ಗೊತ್ತಾಗುತ್ತದೆ. ನೀವು ನಮಗೆ ಹಾಕಲಿಲ್ಲ, ರಸ್ತೆ ಕೇಳಲು ಬಂದಿರಾ ಎಂದು ಯಾರಾದರೂ ಕೇಳಿದರೆ ಏನು ಹೇಳುವುದು? ಹಲವು ಯಂತ್ರಗಳ ಲೆಕ್ಕವನ್ನು ಒಟ್ಟಾಗಿ ತೋರಿಸುವ ಟೋಟಲೈಜರ್ ಎಂಬ ಸಾಧನ ಬರಲಿ ಎಂದು ಕಾನೂನು ಆಯೋಗ 2015ರಲ್ಲೇ ಹೇಳಿದೆ. ಇಂದಿಗೂ ಬಂದಿಲ್ಲ. ಒಬ್ಬೊಬ್ಬರ ಓಟು ಗುಟ್ಟಾಗಿದ್ದರೆ ಸಾಲದು, ಊರಿನ ಓಟೂ ಗುಟ್ಟಾಗಿರಬೇಕು.

ಫೋನಿನಲ್ಲಿ ಉಳಿಸಿಕೊಳ್ಳಿ

ಬೂತಿನಲ್ಲಿ ನಿಮಗಿರುವ ಕೆಲವು ಹಕ್ಕುಗಳನ್ನು ಯಾರೂ ಕರೆದು ಹೇಳುವುದಿಲ್ಲ. ಅದಕ್ಕೆ ಇಲ್ಲಿ ಹೇಳುತ್ತಿದ್ದೇವೆ.

ಮತದಾನ ಮುಗಿಯುವ ಹೊತ್ತಿಗೆ ನೀವು ಸಾಲಿನಲ್ಲಿದ್ದರೆ ಸಾಕು. ಚೀಟಿ ಕೊಡುತ್ತಾರೆ, ಎಷ್ಟು ಹೊತ್ತಾದರೂ ಓಟು ಹಾಕಿಸಿಕೊಳ್ಳಲೇಬೇಕು.

ನಿಮ್ಮ ಹೆಸರಲ್ಲಿ ಬೇರೆ ಯಾರೋ ಆಗಲೇ ಓಟು ಹಾಕಿದ್ದರೆ ಸುಮ್ಮನೆ ವಾಪಸ್ ಬರಬೇಡಿ. ನೀವೇ ಆ ಮತದಾರ ಎಂದು ಅಧಿಕಾರಿಗೆ ಒಪ್ಪಿಸಿದರೆ ಟೆಂಡರ್ ವೋಟ್ ಕೊಡುತ್ತಾರೆ. ಇವಿಎಂ ಇರುವ ಬೂತಿನಲ್ಲೂ ಅದು ಕಾಗದದಲ್ಲೇ. ಅದನ್ನು ಬೇರೆಯಾಗಿ ಇಡುತ್ತಾರೆ, ಕೋರ್ಟು ಹೇಳಿದಾಗ ಮಾತ್ರ ಲೆಕ್ಕಕ್ಕೆ ಬರುತ್ತದೆ. ಆದರೂ ಕಳ್ಳ ಓಟು ನಡೆದಿದೆ ಎಂಬುದಕ್ಕೆ ಅದೇ ಸಾಕ್ಷಿ.

ಕಣ್ಣು ಕಾಣದವರು, ಬಟನ್ ಒತ್ತಲಾಗದವರು 18 ತುಂಬಿದ ಒಬ್ಬರನ್ನು ಜೊತೆಗೆ ಕರೆದೊಯ್ಯಬಹುದು. ಆದರೆ ಒಬ್ಬರು ಒಂದು ದಿನಕ್ಕೆ ಒಬ್ಬರಿಗೆ ಮಾತ್ರ ಜೊತೆಗಾರ. ಬೀದಿಯ ಅಜ್ಜಿಯರನ್ನೆಲ್ಲ ಸಾಲಾಗಿ ಕರೆತರುವ ಪುಢಾರಿಯನ್ನು ತಡೆಯಿರಿ.

12ಡಿ ಅರ್ಜಿ ಒಪ್ಪಿಗೆಯಾದರೆ ಆಮೇಲೆ ಬೂತಿನಲ್ಲಿ ಓಟು ಹಾಕಲು ಬಿಡುವುದಿಲ್ಲ. ಸಿಬ್ಬಂದಿ ಬರುವ ದಿನ ಮನೆಯಲ್ಲೇ ಇರಿ.

ವಿವಿಪ್ಯಾಟ್ ಚೀಟಿಯಲ್ಲಿ ಬೇರೆ ಚಿಹ್ನೆ ಬಂದರೆ ಅಲ್ಲೇ ಹೇಳಿ. ಬರೆದುಕೊಟ್ಟರೆ ಎಲ್ಲರ ಎದುರು ಪರೀಕ್ಷೆಯ ಓಟು ಹಾಕಿಸುತ್ತಾರೆ. ಹೇಳಿದ್ದು ಸುಳ್ಳಾದರೆ ಶಿಕ್ಷೆ ಇದೆ, ಆದ್ದರಿಂದ ಏಳು ಸೆಕೆಂಡ್ ಸರಿಯಾಗಿ ನೋಡಿಯೇ ಹೇಳಿ.

ಮನೆ ಬದಲಾಗಿದ್ದರೆ 8ನೇ ನಮೂನೆ, ಹೊಸ ಹೆಸರಿಗೆ 6ನೇ ನಮೂನೆ. ಚುನಾವಣೆ ಘೋಷಣೆ ಆಗಲಿ ಎಂದು ಕಾಯದೆ ಈಗಲೇ ನೋಡಿ.

ಮತಪತ್ರ ಬಂದರೂ ಸರಿ, ಇವಿಎಂ ಉಳಿದರೂ ಸರಿ, ಮುಂದಿನ ಸಲ ಓಟು ಕೇಳಲು ಬಂದವರನ್ನು ಮೂರೇ ಮಾತು ಕೇಳೋಣ. ಮತದಾನದ ದಿನ ಮಧ್ಯಾಹ್ನದ ರೈಲು ಬಿಡಿಸುತ್ತೀರಾ? ಪಂಚಾಯ್ತಿ ಓಟಿಗೂ, ಹೊರಗೆ ದುಡಿಯುವವರಿಗೂ ಸಂಬಳದ ರಜೆ ಕೊಡಿಸುತ್ತೀರಾ? ಉಸಿರು ಹತ್ತಿದ ಗಣಿ ಕಾರ್ಮಿಕರ ಮನೆ ಬಾಗಿಲಿಗೆ ಮತಪತ್ರ ತರಿಸುತ್ತೀರಾ? ಈ ಮೂರಕ್ಕೆ ಹೌದು ಎಂದವರ ಜೊತೆ ಕಾಗದ, ಯಂತ್ರದ ಚರ್ಚೆಗೆ ಕೂರಲು ನಾವು ಸಿದ್ಧ.